ಬೆಲ್ ಇದ್ದವರಿಗೆ ಒಂದು ಓಟು

ಬಾಗಿಲಿಗೆ ಬೆಲ್ ಇಲ್ಲದವರಿಗೆ ಓಟಿಲ್ಲ ಎಂದು ಡಾಕ್ಟರ್ ಹರಿಪ್ರಸಾದ ಮೈಕಿನಲ್ಲಿ ಹೇಳಿದಾಗ ಚಿಕ್ಕತಾಯಮ್ಮ ಒಳಗೆ ಈರುಳ್ಳಿ ಹೆಚ್ಚುತ್ತಿದ್ದಳು.

ಅದು ಡಾರ್ಮ್‌ಸ್ಟಾಟ್‌ನ ಒಂದು ಚರ್ಚಿನ ಸಭಾಂಗಣ. ಕನ್ನಡ ಸಂಘದವರು ತಿಂಗಳಿಗೊಂದು ಭಾನುವಾರ ಅಲ್ಲಿ ಸೇರುತ್ತಿದ್ದರು. ಮುಂದೆ ವೇದಿಕೆ, ಹಿಂದೆ ಅಡುಗೆಮನೆ, ನಡುವೆ ಒಂದು ಕಿಟಕಿ. ಆ ಕಿಟಕಿಯಿಂದ ಊಟ ಹೊರಗೆ ಹೋಗುತ್ತಿತ್ತು, ಎಂಜಲು ತಟ್ಟೆ ಒಳಗೆ ಬರುತ್ತಿತ್ತು. ಮಾತೂ ಬರುತ್ತಿತ್ತು. ಒಳಗೊಬ್ಬಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂಬ ಖಬರು ಹೊರಗಿನವರಿಗೆ ಇರಲಿಲ್ಲ. ಕಿವಿ ಇರುವುದು ಕುರ್ಚಿ ಮೇಲೆ ಕೂತವರಿಗೆ ಮಾತ್ರ ಎಂದು ಅವರು ತಿಳಿದಿದ್ದರು.

ಅವಳು ಸಂಘದ ಸದಸ್ಯ ಮಾಧವ್ ಆ ಊರಿನಲ್ಲಿ ನಡೆಸುತ್ತಿದ್ದ ಹೋಟೆಲಿನ ಅಡುಗೆಯವಳು. ಗಂಡ ಸತ್ತ ಮೇಲೆ ಮೈಸೂರಿನ ಹಾಸ್ಟೆಲ್ ಮೆಸ್ಸೊಂದರಲ್ಲಿ ಬೇಯಿಸಿ ಮಗಳನ್ನು ಓದಿಸುತ್ತಿದ್ದಳು. ಊರಿಗೆ ಬಂದಿದ್ದ ಮಾಧವ್ ಅವಳ ಕೈಯಡುಗೆ ಉಂಡು, ಬೆರಳು ನೆಕ್ಕಿ, ಜರ್ಮನಿಗೆ ಬಾ ಎಂದು ಕರೆತಂದ. ಈಕೆ ಈ ಹೋಟೆಲಿನಲ್ಲಿ ಮಾತ್ರ ಅಡುಗೆ ಮಾಡಬಹುದು ಎಂದು ಅವಳ ಪಾಸ್‌ಪೋರ್ಟಿನಲ್ಲಿ ಮುದ್ರೆ ಬಿತ್ತು. ಹೋಟೆಲ್ ಬಿಟ್ಟರೆ ದೇಶ ಬಿಟ್ಟ ಹಾಗೆ. ಆ ಪಾಸ್‌ಪೋರ್ಟ್ ಕೂಡ ಮಾಧವನ ಬೀರುವಿನಲ್ಲಿತ್ತು. ಕಳೆದುಹೋದೀತು, ಭದ್ರವಾಗಿರಲಿ ಅಂತ. ಎಷ್ಟು ಕಾಳಜಿ ನೋಡಿ.

ತಿಂಗಳಿಗೆ ಒಂದೇ ಭಾನುವಾರ ಅವಳಿಗೆ ರಜೆ. ಮಗಳು ಕಾಂತಾಮಣಿ ಇದ್ದ ನರ್ಸಿಂಗ್ ಹಾಸ್ಟೆಲಿನಲ್ಲಿ ಹುಡುಗಿಯರಿಗೆ ಫೋನ್ ಕೊಡುತ್ತಿದ್ದದ್ದೂ ಭಾನುವಾರವೇ, ಅದೂ ರಾತ್ರಿ ಎಂಟರವರೆಗೆ. ಸಂಘ ಸೇರುತ್ತಿದ್ದದ್ದು ಅವಳ ರಜೆಯ ಆ ಭಾನುವಾರವೇ. ಅದೇನು ಆಕಸ್ಮಿಕವಲ್ಲ. ಬೇರೆ ಭಾನುವಾರ ಹೋಟೆಲಿಗೆ ಅವಳು ಬೇಕು, ಈ ಭಾನುವಾರ ಸಂಘಕ್ಕೆ ಬೇಕು. ಸೇವೆ ಅಂದರು. ಕನ್ನಡದ ಕೆಲಸ ಅಂದರು. ಕನ್ನಡದ ಕೆಲಸ ಅಂದರೆ ಪಾತ್ರೆ ತಳಕ್ಕೆ ಹತ್ತಿದ ಬಿಸಿಬೇಳೆಬಾತನ್ನು ಕೆರೆಯುವುದು ಎಂದು ಅವಳಿಗೆ ಜರ್ಮನಿಗೆ ಬರುವವರೆಗೆ ತಿಳಿದಿರಲಿಲ್ಲ. ತೊಳೆದು, ಒರೆಸಿ, ನೆಲ ತಿಕ್ಕಿ ಹೊರಗೆ ಬರುವ ಹೊತ್ತಿಗೆ ಮೈಸೂರಿನಲ್ಲಿ ಎಂಟು ದಾಟಿರುತ್ತಿತ್ತು. ಮಗಳ ದನಿ ಕೇಳಿ ಎಷ್ಟು ತಿಂಗಳಾಯಿತೆಂದು ಕೇಳಿದರೆ ಅವಳಿಗೆ ಸಿಟ್ಟು ಬರುತ್ತಿತ್ತು.

ಈ ಬೆಲ್ಲಿನ ಕಾಯಿದೆ ಹುಟ್ಟಿದ್ದಕ್ಕೂ ಒಂದು ಕಾರಣವಿತ್ತು. ಆ ವರ್ಷಗಳಲ್ಲಿ ಜರ್ಮನಿ ಕಂಪ್ಯೂಟರ್ ಕೆಲಸಕ್ಕೆಂದು ಕೊಟ್ಟ ಗ್ರೀನ್ ಕಾರ್ಡಿನ ಹುಡುಗರು ಹಿಂಡುಹಿಂಡಾಗಿ ಬಂದಿಳಿದಿದ್ದರು. ಧಾರವಾಡ, ಬಾಗಲಕೋಟೆ, ಮೈಸೂರು, ಎಲ್ಲ ಕಡೆಯಿಂದ. ಒಂದು ಫ್ಲ್ಯಾಟಿನಲ್ಲಿ ನಾಲ್ಕೈದು ಜನ, ಬಾಗಿಲಲ್ಲಿ ಹೆಸರು ಬರೆದ ಬೆಲ್ ಒಂದೇ. ತಲೆಗೊಂದು ಓಟು ಅಂದರೆ ಸಂಘ ಅವರ ಕೈಗೆ ಹೋಗುತ್ತದೆ. ದಶಕಗಳಿಂದ ನೆಲೆನಿಂತ ದೊಡ್ಡವರಿಗೆ ಇದು ನುಂಗಲಾರದ ತುತ್ತಾಯಿತು. ಆಗ ಹರಿಪ್ರಸಾದರಿಗೆ ಅಮೆರಿಕ ನೆನಪಾಯಿತು. ಅವರು ಸಂಘದ ಹಿರಿಯರು, ದೊಡ್ಡ ವಿಜ್ಞಾನಿ. ಜರ್ಮನಿಗೆ ಬರುವ ಮುಂಚೆ ವರ್ಜೀನಿಯಾದಲ್ಲಿ ಕೆಲವು ವರ್ಷ ಇದ್ದವರು. ಅಲ್ಲಿನ ಹಳೆಯ ಕೋರ್ಟು ಕಟ್ಟಡಗಳನ್ನು ನೋಡಿ ಮರುಳಾಗಿದ್ದವರು.

"ಇನ್ನೂರು ವರ್ಷದ ಹಿಂದೆ ಅಲ್ಲಿ ಸ್ಟೇಟ್ ಅಸೆಂಬ್ಲಿಗೆ ಎಲೆಕ್ಷನ್ ಹೇಗೆ ನಡೀತಿತ್ತು ಗೊತ್ತಾ?" ಎಂದು ಅವರು ಮೈಕಿನಲ್ಲಿ ಕೇಳಿದರು. "ಚೀಟಿ ಇಲ್ಲ, ಡಬ್ಬಿ ಇಲ್ಲ. ಊರಿನ ಕೋರ್ಟ್ ಹತ್ರ ಎಲ್ಲರೂ ಸೇರೋರು. ಶೆರಿಫ್ ಒಂದೊಂದೇ ಹೆಸರು ಕೂಗೋನು. ಓಟರ್ ಮುಂದೆ ಬಂದು, ಕ್ಯಾಂಡಿಡೇಟ್ ಎದುರಿಗೇ, ಜೋರಾಗಿ ಹೇಳೋನು, ನನ್ನ ಓಟು ಇಂಥವರಿಗೆ ಅಂತ. ಕ್ಯಾಂಡಿಡೇಟ್ ಎದ್ದು ನಿಂತು ಥ್ಯಾಂಕ್ಸ್ ಹೇಳೋನು. ನೋಡಿ, ಎಷ್ಟು ಓಪನ್, ಎಷ್ಟು ಘನತೆ. ಜಮೀನಿದ್ದವನಿಗೆ ಮಾತ್ರ ಓಟು. ಊರಲ್ಲಿ ಬೇರು ಬಿಟ್ಟವನಿಗೆ ಮಾತ್ರ ಊರಿನ ಜವಾಬ್ದಾರಿ. ನಮಗಿಲ್ಲಿ ಜಮೀನಿಲ್ಲ, ಬೆಲ್ ಇದೆ. ಒಂದು ಬೆಲ್, ಒಂದು ದನಿ."

ಹಿಂದಿನ ಸಾಲಿನಲ್ಲಿದ್ದ ಪ್ರವೀಣಕುಮಾರನೆಂಬ ಹುಡುಗ ಕೈ ಎತ್ತಿದ. "ಸರ್, ಆವಾಗ ಅಲ್ಲೆ ಗುಲಾಮರೂ ಇದ್ರಲ್ರೀ. ಅವರ ಓಟು?"

"ಹಿಸ್ಟರಿ ಕ್ಲಾಸ್ ಇನ್ನೊಂದು ದಿನ ಇಟ್ಕೊಳ್ಳೋಣ" ಎಂದರು ಹರಿಪ್ರಸಾದ. ಸಭೆ ನಕ್ಕಿತು. ಕಾಯಿದೆ ಪಾಸಾಯಿತು.

ಚಿಕ್ಕತಾಯಮ್ಮ ಚಾಕು ಕೆಳಗಿಟ್ಟಳು. ಓಟು ಅವಳಿಗೆ ಹೊಸದಲ್ಲ. ಊರಿನಲ್ಲಿ ಒಂದು ಸಲವೂ ತಪ್ಪಿಸಿದವಳಲ್ಲ. ಅಲ್ಲೂ ಪಟೇಲನ ಮಕ್ಕಳು ಶಾಲೆಯ ಗೇಟಿನಲ್ಲಿ ನಿಂತು, ಕೇರಿಯವರು ಬಂದರೆ ಯಾರಿಗೆ ಒತ್ತಬೇಕೆಂದು ಕಣ್ಣಿನಲ್ಲೇ ಹೇಳುತ್ತಿದ್ದರು. ಇವಳು ತಲೆ ಆಡಿಸಿ ಒಳಗೆ ಹೋಗುತ್ತಿದ್ದಳು. ಒಳಗೊಂದು ರಟ್ಟಿನ ಮರೆ ಇತ್ತು. ಆ ಮರೆಯ ಹಿಂದೆ ತನಗೆ ಬೇಕಾದವರಿಗೆ ಒತ್ತಿ, ಹೊರಗೆ ಬಂದು ಪಟೇಲನ ಮಗನಿಗೆ ಕೈ ಮುಗಿದು, ನಿಮಗೇ ಸಾಮಿ ಅನ್ನುತ್ತಿದ್ದಳು. ಅವಳ ಜೀವಮಾನದಲ್ಲಿ ಅವಳಿಗೇ ಅಂತ ಇದ್ದ ಒಂದೇ ಕೋಣೆ ಅದು, ಆ ರಟ್ಟಿನ ಮರೆ. ಇಲ್ಲಿ ಈ ಓದಿದ ಜನ ಅದನ್ನೂ ಕಿತ್ತುಹಾಕಿದರು. ಮರೆ ಇದ್ದರೆ ಘನತೆ ಇಲ್ಲವಂತೆ. ಯಾರ ಹೆದರಿಕೆಯೂ ಇಲ್ಲದವನಿಗೆ ಘನತೆ ಎಷ್ಟು ಅಗ್ಗ.

ಅಧ್ಯಕ್ಷ ಪದವಿಗೆ ಇಬ್ಬರು ನಿಂತರು. ಒಬ್ಬ ಮಾಧವ್. ಇನ್ನೊಬ್ಬಳು ಭೂಮಿಕಾ, ಗ್ರೀನ್ ಕಾರ್ಡಿನ ಮೇಲೆ ಬಂದ ಇಂಜಿನಿಯರು, ಹುಬ್ಬಳ್ಳಿ ಕಡೆಯ ಹುಡುಗಿ. ಭೂಮಿಕಾ ಅಡುಗೆಮನೆಗೇ ಬಂದು ಹೇಳಿದಳು, "ನಾ ಆರಿಸಿ ಬಂದ್ರ ಅಡಗಿ, ಪಾತ್ರಿ ಎಲ್ಲಾ ಪಾಳಿ ಪ್ರಕಾರ ಆಂಟಿ. ಎಲ್ಲಾರೂ ಮಾಡಬೇಕು. ನೀವೊಬ್ಬರ ಯಾಕ ಸಾಯಬೇಕು?"

ಆ ಮಾತು ಚಿಕ್ಕತಾಯಮ್ಮನ ಎದೆಯಲ್ಲಿ ಕೂತುಬಿಟ್ಟಿತು. ಭೂಮಿಕಾ ಗೆದ್ದರೆ ಭಾನುವಾರ ತನ್ನದಾಗುತ್ತದೆ, ಕಾಂತಾಮಣಿ ಸಿಗುತ್ತಾಳೆ. ಅದಕ್ಕೆ ತನ್ನದೂ ಒಂದು ದನಿ ಬೀಳಬೇಕು. ದನಿ ಬೀಳಬೇಕಾದರೆ ಬೆಲ್ ಬೇಕು.

ಅವಳಿದ್ದದ್ದು ಹೋಟೆಲಿನ ಮೇಲೆ, ಅಕ್ಕಿ ಮೂಟೆ ಇಡುವ ಕೋಣೆಯ ಪಕ್ಕದಲ್ಲಿ. ಅಲ್ಲಿ ಹೋಟೆಲಿನ ಹೆಸರಿನ ಬೆಲ್ ಮಾತ್ರ ಇತ್ತು. ಭೂಮಿಕಾಳೇ ಬೆಸ್ಸುಂಗನ್ ಬಡಾವಣೆಯಲ್ಲಿ ಒಬ್ಬ ಮುದುಕಿಯನ್ನು ಹುಡುಕಿಕೊಟ್ಟಳು. ಮೆಟ್ಟಿಲು ಒರೆಸಿ, ನೆಲಮಾಳಿಗೆಯಿಂದ ಸಾಮಾನು ಹೊತ್ತು ತಂದುಕೊಟ್ಟರೆ ಹಿಂಬದಿಯ ಕೋಣೆ ಇವಳಿಗೆ. ದಿನವಿಡೀ ಹೋಟೆಲಿನಲ್ಲಿ ಬೆಂದು ಬಂದು, ಮೊಣಕಾಲೂರಿ ಮೆಟ್ಟಿಲು ಒರೆಸುವುದು. ಆಗಲಿ ಅಂದಳು. ಹೊಸ ವಿಳಾಸವನ್ನು ಸರ್ಕಾರಿ ಆಫೀಸಿನಲ್ಲಿ ಬರೆಸುವ ಆನ್‌ಮೆಲ್ಡುಂಗ್ ಮಾಡಿಸಲು ಪಾಸ್‌ಪೋರ್ಟ್ ಬೇಕು ಎಂದಾಗ ಮಾಧವ್ ಅವಳನ್ನು ಮೇಲಿಂದ ಕೆಳಗೆ ನೋಡಿದ. ಕೊಟ್ಟ. ಆಫೀಸಿನ ಕೆಲಸ ಮುಗಿದ ಸಂಜೆಗೇ ವಾಪಸ್ ಇಸಿದುಕೊಂಡ.

ಮುದುಕಿ ಬೆಲ್ಲಿನ ಚೀಟಿ ಬರೆಯಲು ಕೂತಳು. ಅಷ್ಟುದ್ದದ ಹೆಸರು ಆ ಪುಟ್ಟ ಜಾಗದಲ್ಲಿ ಹಿಡಿಸಲಿಲ್ಲ. ಅರ್ಧಕ್ಕೆ ನಿಲ್ಲಿಸಲಿಲ್ಲ ಅವಳು, ಕನ್ನಡಕ ಒರೆಸಿಕೊಂಡು ಇನ್ನೂ ಸಣ್ಣಕ್ಷರದಲ್ಲಿ ಮತ್ತೆ ಬರೆದಳು. ಸಂಘದವರಿಗೆ ಇವಳು ಬರೀ ತಾಯಮ್ಮ. ಕರೆಯಲು ಸುಲಭ ಅಂತ. ಬೆಲ್ಲಿನ ಮೇಲೆ ಇಡೀ ಹೆಸರು ಬಂದ ದಿನ ಚಿಕ್ಕತಾಯಮ್ಮ ಬೀದಿಯಲ್ಲಿ ನಿಂತು ಅದನ್ನು ಒಮ್ಮೆ ಒತ್ತಿ ನೋಡಿದಳು. ಮೇಲೆ ಎಲ್ಲೋ ಅವಳ ಖಾಲಿ ಕೋಣೆಯಲ್ಲಿ ಗಂಟೆ ಹೊಡೆಯಿತು.

ರಾಜ್ಯೋತ್ಸವದ ಭಾನುವಾರ ಬಂತು. ಬೆಳಗಿನ ಚಳಿಯಲ್ಲಿ ವ್ಯಾನಿನಿಂದ ಪಾತ್ರೆ ಇಳಿಸಿದವಳು ಅವಳೇ. ಬೇಳೆ ಬೇಯಿಸಿದವಳು, ಹುಣಸೆ ಕಿವುಚಿದವಳು, ತನ್ನ ಸೊಂಟದೆತ್ತರದ ಪಾತ್ರೆಯನ್ನು ಒಲೆಯಿಂದ ಮೇಜಿಗೆ ಇಳಿಸಿದವಳು ಅವಳೇ. ಇಳಿಸುವಾಗ ಪಾತ್ರೆಯ ಕಂಠ ಮೊಣಕೈಗೆ ತಾಗಿ ಚರ್ಮ ಸುಲಿಯಿತು. ಆ ಮೊಣಕೈ ಮೇಲೆ ಹಳೆಯ ಸುಟ್ಟ ಗಾಯದ ಗೆರೆಗಳು ಎಷ್ಟೋ ಇದ್ದವು. ತಣ್ಣೀರು ಹಾಕಿಕೊಂಡು ಒಗ್ಗರಣೆಗೆ ನಿಂತಳು.

ಎಲ್ಲ ಅಡುಗೆ ಅವಳದ್ದು, ತಾಯಿ ಭುವನೇಶ್ವರಿಯ ಮುಂದಿಡುವ ಪಾಯಸ ಮಾತ್ರ ಅಲ್ಲ. ಅದು ಹರಿಪ್ರಸಾದರ ಹೆಂಡತಿ ಉಷಾ ಅವರ ಮನೆಯಿಂದ ಬರುತ್ತಿತ್ತು. ಮೊದಲ ವರ್ಷ ಹಾಗಿರಲಿಲ್ಲ. ಒಂದು ದಿನ ಹೆಂಗಸರು ಕಿಟಕಿಗೆ ಒರಗಿಕೊಂಡು, ನಿಮ್ದು ಯಾವ ಪೈಕಿ ತಾಯಮ್ಮ, ಎಂದು ನಯವಾಗಿ ಕೇಳಿದ್ದರು. ಊರಾಚೆ ಕೇರಿಯೋಳು ಕಣವ್ವ, ಅಂದಿದ್ದಳು ಇವಳು. ಯಾರೂ ಮುಖ ಸಿಂಡರಿಸಲಿಲ್ಲ. ಛೇ, ಜರ್ಮನಿಯಲ್ಲಿ ಅದೆಲ್ಲ ಇದೆಯೇ. ಮುಂದಿನ ತಿಂಗಳು ಉಷಾ ಬಂದು, "ನಿಂಗೆ ಸುಸ್ತಾಗುತ್ತೆ ತಾಯಮ್ಮ, ದೇವರದ್ದು ನಾನೇ ಮಾಡ್ಕೊಂಡ್ ಬರ್ತೀನಿ" ಅಂದರು. ಕ್ವಿಂಟಾಲು ಸೊಪ್ಪು ಸೋಸಿದರೆ ಬಾರದ ಸುಸ್ತು ಒಂದು ಬಟ್ಟಲು ಪಾಯಸಕ್ಕೆ ಬರುತ್ತದೆ. ಆ ತಿಂಗಳಿಂದ ಅವಳ ತಟ್ಟೆಯೂ ಬೇರೆಯಾಯಿತು. ನೆಲ ಒರೆಸುವ ಕೋಲುಗಳನ್ನು ನಿಲ್ಲಿಸುವ ಓಣಿಯಲ್ಲಿ, ಎಲ್ಲರೂ ಉಂಡ ಮೇಲೆ, ನಿಂತೇ ಉಣ್ಣುತ್ತಿದ್ದಳು.

ಊಟ ಮೊದಲು, ಓಟು ಆಮೇಲೆ. ವರ್ಜೀನಿಯಾದಲ್ಲಿ ಓಟುದಾರರಿಗೆ ರಮ್ ಕುಡಿಸುತ್ತಿದ್ದರಂತೆ. ನಮ್ಮದು ಬಿಸಿಬೇಳೆಬಾತು, ಎಂದು ಹರಿಪ್ರಸಾದ ನಗೆಚಟಾಕಿ ಹಾರಿಸಿದರು. ಜನ ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಡಬ್ಬಿಗೂ ತುಂಬಿಸಿಕೊಂಡರು.

ಆಮೇಲೆ ಮೇಜು ಹಾಕಿದರು. ಹರಿಪ್ರಸಾದ ನಡುವೆ ಕೂತರು. ಪಕ್ಕದ ಎರಡು ಕುರ್ಚಿಯಲ್ಲಿ ಮಾಧವ್ ಮತ್ತು ಭೂಮಿಕಾ. ಹೆಸರು ಕೂಗಿದಂತೆ ಒಬ್ಬೊಬ್ಬರೇ ಎದ್ದು ಬಂದು, ತನ್ನ ಹೆಸರು, ತನ್ನ ಬೆಲ್ ಯಾವ ಬೀದಿಯಲ್ಲಿದೆ, ತನ್ನ ಓಟು ಯಾರಿಗೆ ಎಂದು ಗಟ್ಟಿಯಾಗಿ ಹೇಳುವುದು. ಹೆಸರು ಬಂದವರು ಎದ್ದು ನಿಂತು ಕೈ ಮುಗಿಯುವುದು.

"ನನ್ನ ಓಟು ಮಾಧವ್ ಅವರಿಗೆ."

ಮಾಧವ್ ಏಳುತ್ತಿದ್ದ, ಕೈ ಮುಗಿಯುತ್ತಿದ್ದ, ಕೂರುತ್ತಿದ್ದ.

ಗ್ರೀನ್ ಕಾರ್ಡ್ ಹುಡುಗರು ಭೂಮಿಕಾಗೆ ಹೇಳುತ್ತಾರೆ ಎಂದುಕೊಂಡಿದ್ದರು ಎಲ್ಲರೂ. ಕೆಲವರು ಹೇಳಿದರು. ಹಲವರು ಮೇಜಿನ ಹತ್ತಿರ ಬಂದು, ಮಾಧವನ ಮುಖ ನೋಡಿ, ಗಂಟಲು ಸರಿ ಮಾಡಿಕೊಂಡು ಮಾಧವ್ ಎಂದರು. ಒಬ್ಬನಿಗೆ ಮನೆ ಸಿಗಲು ಮಾಧವ್ ಜಾಮೀನು ನಿಂತಿದ್ದ. ಒಬ್ಬನ ಹೆಂಡತಿಗೆ ಅವನ ಹೋಟೆಲಿನಲ್ಲಿ ಕೆಲಸ ಬೇಕಿತ್ತು. ಒಬ್ಬನ ಬಾಸು ಹರಿಪ್ರಸಾದರ ಸ್ನೇಹಿತ. ಗುಲಾಮರ ಓಟು ಕೇಳಿದ್ದ ಪ್ರವೀಣಕುಮಾರನೂ ನೆಲ ನೋಡಿಕೊಂಡು ಮಾಧವ್ ಎಂದು ಹೇಳಿ ಬೇಗ ಬೇಗ ಹೋಗಿ ಕೂತ. ರಟ್ಟಿನ ಮರೆ ಯಾಕೆ ಬೇಡವಾಗಿತ್ತೆಂದು ಕಿಟಕಿಯಲ್ಲಿ ನಿಂತವಳಿಗೆ ಚೆನ್ನಾಗಿ ಅರ್ಥವಾಯಿತು.

ಕಡೆಯ ಹೆಸರು ಮುಗಿಯಿತು. ಹರಿಪ್ರಸಾದ ಪೆನ್ನು ಮುಚ್ಚಿದರು. ಅವಳ ಹೆಸರು ಬರಲೇ ಇಲ್ಲ.

ಚಿಕ್ಕತಾಯಮ್ಮ ಒದ್ದೆ ಕೈಯಲ್ಲೇ ಹೊರಗೆ ಬಂದಳು. ಏಪ್ರನ್ನಿನ ಮೇಲೆ ಅರಿಸಿನದ ಕಲೆ. ಮೇಜಿನ ಮುಂದೆ ನಿಂತಳು.

"ನನ್ನೆಸ್ರು ಕೂಗ್ನಿಲ್ಲ ಸಾಮಿ."

"ಏನು ತಾಯಮ್ಮ?"

"ನಂಗೂ ಬೆಲ್ ಅದೆ. ಬೆಸ್ಸುಂಗನ್‌ನಲ್ಲಿ. ಓಗಿ ನೋಡ್ಕೊಂಡ್ ಬನ್ನಿ ಬೇಕಾರೆ."

ಹರಿಪ್ರಸಾದ ಕನ್ನಡಕ ತೆಗೆದರು. ಅವರು ಒರಟು ಮಾತಾಡುವವರಲ್ಲ. "ಬೆಲ್ ಇದೆ, ಗೊತ್ತು. ಕಮಿಟೀಲಿ ಚರ್ಚೆ ಆಯ್ತು. ನೀನು ಮಾಧವ್ ಹತ್ರ ಕೆಲಸ ಮಾಡ್ತೀಯ. ಅವರ ಓಟಿನಲ್ಲಿ ನಿನ್ನ ಓಟೂ ಸೇರಿದೆ ಅಂತ ಲೆಕ್ಕ. ಆ ಕಾಲದಲ್ಲಿ ಅಮೆರಿಕದಲ್ಲೂ ಹಾಗೇ ಇತ್ತು. ಇನ್ನೊಬ್ಬರ ಅನ್ನ ತಿನ್ನೋರಿಗೆ ಸ್ವಂತ ಮನಸ್ಸು ಇರೋಕಾಗಲ್ಲ, ಯಜಮಾನ ಹೇಳಿದ ಹಾಗೇ ಹೇಳ್ತಾರೆ ಅಂತ. ಇದು ಇನ್ಸಲ್ಟ್ ಅಲ್ಲ ತಾಯಮ್ಮ, ಪ್ರಿನ್ಸಿಪಲ್."

ಅವಳು ಭೂಮಿಕಾಳ ಕಡೆ ನೋಡಿದಳು. ಭೂಮಿಕಾ ಸೀರೆಯ ಅಂಚು ಸರಿಮಾಡಿಕೊಂಡಳು. "ಮುಂದಿನ ವರ್ಷ ರೂಲ್ ತಿದ್ದೂಣು ಆಂಟಿ. ಇವತ್ತ ಹಬ್ಬ ಐತಿ, ಗದ್ಲ ಬ್ಯಾಡ."

ಮುಂದಿನ ವರ್ಷ. ಮೊಣಕಾಲೂರಿ ಮೆಟ್ಟಿಲು ಒರೆಸಿದ್ದು ಮುಂದಿನ ವರ್ಷಕ್ಕೆ. ಅಷ್ಟು ಹೊತ್ತೂ ತಡೆದಿದ್ದ ಸಿಟ್ಟು ಚಿಕ್ಕತಾಯಮ್ಮನ ಗಂಟಲಿಗೆ ಬಂತು. ಆದರೆ ದನಿ ಏರಲಿಲ್ಲ. ಇನ್ನೂ ತಗ್ಗಿತು.

"ಯಾರ ಅನ್ನ ಯಾರು ಉಂಡ್ರು ಸಾಮಿ?"

ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು.

"ನಾನಿನ್ನೂ ಉಂಡಿಲ್ಲ. ಬೆಳಿಗ್ಗಿಂದ ಒಂದ್ ಲೋಟ ಟೀ ಕುಡ್ದಿವ್ನಿ. ನೀವು ಉಂಡಿದ್ದೀರಿ. ಈ ಸಾಲು ಉಂಡದೆ, ಆ ಸಾಲು ಉಂಡದೆ. ಯಲ್ಲಾ ನನ್ ಕೈಯನ್ನನೇ. ಇನ್ನೊಬ್ರ ಕೈಯನ್ನ ಉಂಡೋರ್ಗೆ ಓಟಿಲ್ಲ ಅನ್ನೋದಾದ್ರೆ ಇಲ್ಲಿ ನಿಮ್ಮಲ್ಲಿ ಯಾರ್ಗೂ ಓಟಿಲ್ಲ. ಇಷ್ಟೊತ್ತು ಕೂಗಿದ್ದೆಲ್ಲ ವಜಾ. ಓಟಿರೋದು ನಂಗೊಬ್ಳಿಗೆ."

ಹಿಂದಿನ ಸಾಲಿನಲ್ಲಿ ಒಬ್ಬ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದ. ಒಬ್ಬಳು ಹೆಂಗಸು ಮಡಿಲಲ್ಲಿದ್ದ ಬಿಸಿಬೇಳೆಬಾತಿನ ಡಬ್ಬಿಯನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಸರಿಸಿದಳು.

ಮಾಧವ್ ಕುರ್ಚಿಯಿಂದ ಮುಂದಕ್ಕೆ ಬಾಗಿದ. ನಗುತ್ತಲೇ ಹೇಳಿದ. "ಒಳಗೆ ಹೋಗು ತಾಯಮ್ಮ. ನಾಳೆ ಮಾತಾಡೋಣ. ನಿನ್ನ ಪಾಸ್‌ಪೋರ್ಟ್ ಎಲ್ಲಿದೆ ಅನ್ನೋದು ನೆನಪಿರ್ಲಿ."

"ನಿಮ್ ಬೀರೂನಲ್ಲಿ ಅದೆ. ಬಾಯಿ ನನ್ ತಾವೇ ಅದೆ."

"ಇದನ್ನ ಬರ್ಕೊಳ್ಳೋ ಅಗತ್ಯ ಇಲ್ಲ" ಎಂದು ಹರಿಪ್ರಸಾದ ಪಕ್ಕದವರಿಗೆ ಹೇಳಿ, ಮೈಕು ಹತ್ತಿರ ಎಳೆದುಕೊಂಡರು. ಮಾಧವ್ ಗೆದ್ದಿದ್ದಾರೆ ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಮಾಧವ್ ಎದ್ದ, ಕೈ ಮುಗಿದ, ಕೂತ. ಚಿಕ್ಕತಾಯಮ್ಮ ನಿಂತ ಜಾಗದಿಂದ ಕದಲಲಿಲ್ಲ. ಅವಳನ್ನು ಬಳಸಿಕೊಂಡು ಹೋಗಿ ಯಾರೋ ಅವನಿಗೆ ಹಾರ ಹಾಕಿದರು.

ಅಷ್ಟರಲ್ಲಿ ಬೀಗದ ಕೈ ಗೊಂಚಲು ಆಡಿಸುತ್ತ ಹೌಸ್‌ಮೈಸ್ಟರ್ ಒಳಗೆ ಬಂದ. ಆ ಕಟ್ಟಡದ ಉಸ್ತುವಾರಿಯ ಜರ್ಮನ್ ಮುದುಕ. ಸಭಾಂಗಣವನ್ನು ಮಧ್ಯಾಹ್ನವೇ ತೊಳೆದು ಒಪ್ಪಿಸಬೇಕು, ಸಂಜೆ ಚರ್ಚಿನವರ ಕಾರ್ಯಕ್ರಮವಿದೆ. ಅವನು ಕಿಟಕಿಯಲ್ಲಿ ಬಗ್ಗಿ ನೋಡಿದ. ತೊಟ್ಟಿ ತುಂಬ ತಟ್ಟೆ. ಒಲೆಯ ಮೇಲೆ ತಳ ಹತ್ತಿದ ದೊಡ್ಡ ಪಾತ್ರೆಗಳು. ನೆಲದ ಮೇಲೆ ಎಣ್ಣೆ, ಅನ್ನ. ಅವನು ಪ್ರತಿ ಸಲದಂತೆ ಅವಳ ಕಡೆಗೇ ತಿರುಗಿದ. ಬಕೆಟ್ಟು, ಬ್ರಷ್ಷು ತಂದು ಅವಳ ಮುಂದೆ ಹಿಡಿದ. ಯಾರು ತೊಳೆಯುತ್ತಾರೆ ಎಂದು ಕೇಳಿದ. ಕೇಳಿದ್ದು ಬರೀ ಮಾತಿಗೆ. ಉತ್ತರ ಅವನಿಗೂ ಗೊತ್ತಿತ್ತು, ಸಭೆಗೂ ಗೊತ್ತಿತ್ತು.

"ನಿಷ್ಟ್ ಇಷ್" ಎಂದಳು ಚಿಕ್ಕತಾಯಮ್ಮ. ನಾನಲ್ಲ. ಆ ದೇಶದ ಮಾತನ್ನು ಅವಳು ಹೋಟೆಲಿನ ಕೆಲಸದವರ ಜೊತೆ ಬಿಟ್ಟರೆ ಆಡಿದ್ದು ಕಡಿಮೆ. ಇದು ಸರಿಯಾಗಿ ಬಂತು.

ಏಪ್ರನ್ ಬಿಚ್ಚಿದಳು. ಮಡಿಸಲಿಲ್ಲ. ಮೇಜಿನ ಮೇಲೆ, ಹರಿಪ್ರಸಾದರ ಪೆನ್ನಿನ ಪಕ್ಕದಲ್ಲಿ ಹಾಕಿದಳು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಅಷ್ಟು ಹೊತ್ತೂ ಓಟುದಾರರು ನಿಂತು ಹೇಳಿದ್ದ ಜಾಗದಲ್ಲಿ ನಿಂತಳು. ಅವರು ನಿಂತ ಹಾಗೇ ನಿಂತಳು. ಈ ಸಲ ದನಿ ತಗ್ಗಿಸಲಿಲ್ಲ. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಬೆಳೆದವಳ ದನಿ ಅದು. ಮೈಕು ಬೇಕಿರಲಿಲ್ಲ.

"ನನ್ನೆಸ್ರು ಚಿಕ್ಕತಾಯಮ್ಮ. ನನ್ ಬೆಲ್ ಬೆಸ್ಸುಂಗನ್‌ನಲ್ಲಿ ಅದೆ. ಪಾತ್ರೆ ತೊಳಿಯೋಕೆ ನನ್ ಓಟು ಮಾಧವ್ ಅವ್ರಿಗೆ."

ಮಾಧವ್ ಎದ್ದು ನಿಂತ.

ಬೇಕೆಂದು ಎದ್ದದ್ದಲ್ಲ. ಮಧ್ಯಾಹ್ನವಿಡೀ ತನ್ನ ಹೆಸರು ಕೇಳಿದಾಗಲೆಲ್ಲ ಎದ್ದ ಕಾಲು, ಈಗಲೂ ಎದ್ದಿತು. ಕೈ ಎದೆಯವರೆಗೆ ಬಂದು ಮುಗಿಯಿತು. ಆಮೇಲೆ ಮಾತು ತಲೆಗೆ ಹೋಯಿತು. ಅಷ್ಟರಲ್ಲಿ ಸಭೆ ನೋಡಿಯಾಗಿತ್ತು. ಹೌಸ್‌ಮೈಸ್ಟರನಿಗೆ ಕನ್ನಡ ಬಾರದು. ಯಾರು ತೊಳೆಯುತ್ತಾರೆಂದು ಕೇಳಿದ್ದ. ಒಬ್ಬಳು ಹೆಸರು ಹೇಳಿದಳು, ಒಬ್ಬ ಎದ್ದು ನಿಂತು ಕೈ ಮುಗಿದ. ಅವನ ಮಟ್ಟಿಗೆ ಅಷ್ಟು ಸಾಕು. ಸೀದಾ ಹೋಗಿ ಬಕೆಟ್ಟಿನ ಹಿಡಿಯನ್ನು ಮಾಧವನ ಕೈಗೆ ಕೊಟ್ಟು, ಗೋಡೆಯ ಗಡಿಯಾರ ತೋರಿಸಿದ.

ಚಿಕ್ಕತಾಯಮ್ಮ ಗಡಿಯಾರ ನೋಡಿದಳು. ಕಾಂತಾಮಣಿಯ ಹಾಸ್ಟೆಲಿನಲ್ಲಿ ಫೋನಿಗೆ ಇನ್ನೂ ಬೀಗ ಬಿದ್ದಿರಲಾರದು. ಸ್ಟೇಷನ್ ಹತ್ತಿರದ ಫೋನ್ ಅಂಗಡಿಗೆ ಟ್ರಾಮ್ ಸಿಕ್ಕರೆ ಆಯಿತು. ನಾಳೆ ಹೋಟೆಲಿನ ಕೆಲಸ ಇರುವುದಿಲ್ಲ. ಪಾಸ್‌ಪೋರ್ಟನ್ನು ಅವನು ಮುಖದ ಮೇಲೆ ಎಸೆಯಬಹುದು, ಎಸೆಯದೆಯೂ ಇರಬಹುದು. ಆ ದೇಶವೇ ಅವಳನ್ನು ಹೊರಗೆ ಹಾಕಬಹುದು. ಅದೆಲ್ಲ ಅವಳಿಗೆ ಆ ಜಾಗದಲ್ಲಿ ನಿಲ್ಲುವ ಮುಂಚೆಯೇ ಗೊತ್ತಿತ್ತು. ಮಗಳಿಗೆ ಅದನ್ನೇ ಹೇಳಬೇಕು, ಮುಚ್ಚಿಡದೆ ಹೇಳಬೇಕು ಎಂದುಕೊಂಡು ಕೋಟು ಹಾಕಿಕೊಂಡಳು.

ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು. ಕೊರಳಲ್ಲಿ ಹಾರ, ಕೈಯಲ್ಲಿ ಬಕೆಟ್ಟು, ಸಂಘದ ಹೊಸ ಅಧ್ಯಕ್ಷ ಕೂರಬೇಕೋ ನಿಲ್ಲಬೇಕೋ ತಿಳಿಯದೆ ಇನ್ನೂ ನಿಂತೇ ಇದ್ದ.